ಹುಳು ಮನೆಯಿಂದ ನೂರು ಹೆಜ್ಜೆ

ಸಂಜೆ ನಾಲ್ಕು ದಾಟಿತೆಂದರೆ ನಾಗಶ್ರೀಯ ಕೈ ಸ್ಟೀರಿಂಗಿನ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಕನ್ನಡಿ ತಿರುಗಿಸುತ್ತಾಳೆ, ಬೆರಳಿನಿಂದ ಹಾರ್ನಿನ ಅಂಚು ಬಡಿಯುತ್ತಾಳೆ, ರಸ್ತೆಯ ಎರಡೂ ಬದಿಗೆ ಕಣ್ಣು ಹಾಯಿಸುತ್ತಾಳೆ. ರಾತ್ರಿ ವ್ಯಾನು ನಿಲ್ಲಿಸುವ ಜಾಗವನ್ನು ಹೊತ್ತಿರುವಾಗಲೇ ಇಳಿದು ನೋಡಿ ಗೊತ್ತುಮಾಡಿಕೊಳ್ಳಬೇಕು ಎಂಬುದು ಅವಳ ನಿಯಮ. ಹಗಲಲ್ಲಿ ಬರೀ ಕಲ್ಲುಬೆಂಚಾಗಿ ಕಂಡದ್ದು ಏಳು ಗಂಟೆಗೆ ಕುಡುಕರ ಅಡ್ಡೆಯಾಗಿರುತ್ತದೆ ಎನ್ನುವುದು ಅವಳಿಗೆ ಎರಡು ಸಲ ಅನುಭವಕ್ಕೆ ಬಂದಿದೆ.

ರೇಷ್ಮೆ ಬೆಳೆಗಾರರ ಹುಳು ಮನೆಗಳನ್ನು ತೊಳೆದು ಔಷಧಿ ಹೊಡೆಯುವುದು ಅವಳ ಕಸುಬು. ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಹುಳ ತರುವ ಮೊದಲು, ಬ್ಲೀಚಿಂಗ್ ಪೌಡರೂ ಸುಣ್ಣವೂ ಕಲಸಿದ ನೀರನ್ನು ಗೋಡೆ, ನೆಲ, ಹುಳ ಗೂಡು ಕಟ್ಟುವ ಚಂದ್ರಿಕೆಗಳಿಗೆಲ್ಲ ಹೊಡೆಯಬೇಕು. ಗಂಡ ರಂಗಸ್ವಾಮಿ ಶುರುಮಾಡಿದ್ದ ಕೆಲಸ. ಅವನು ತೀರಿಕೊಂಡು ಮೂರು ವರ್ಷವಾಯಿತು. ಸ್ಪ್ರೇಯರು, ಹಳೆಯ ಸ್ಕೂಲ್ ವ್ಯಾನು ಮತ್ತು ಅತ್ತೆ ದೊಡ್ಡಬಸಮ್ಮ, ಈ ಮೂರೂ ಈಗ ಅವಳ ಪಾಲಿಗೆ.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಬಾಡಿಗೆ ಮನೆ ಇತ್ತು, ಬ್ಲೀಚಿಂಗ್ ಚೀಲಗಳೂ ಅಲ್ಲೇ ಇರುತ್ತಿದ್ದವು. ಒಂದು ದಿನ ಪಕ್ಕದ ಮನೆಯ ನೇಕಾರ ಗೋವಿಂದಯ್ಯ ಕುಂಕುಮ ಬಣ್ಣದ ಎರಡು ಎಳೆ ರೇಷ್ಮೆ ತಂದು ಅವಳ ಅಂಗೈಯಲ್ಲಿಟ್ಟ. “ಇದು ಕಿಟಕಿ ಪಕ್ಕದ್ದು ಕಣವ್ವ, ಇದು ಒಳಗಡೆದು. ನೀನೇ ನೋಡು.” ಕಿಟಕಿಯ ಕಡೆಯದು ಒಂದಿಷ್ಟು ಮಾಸಿತ್ತು. ಬಿಸಿಲಿಗೋ ಬ್ಲೀಚಿಂಗಿನ ಗಾಳಿಗೋ ಎಂದು ಹೇಳಲು ಇಬ್ಬರಿಗೂ ಆಗಲಿಲ್ಲ. ತನ್ನ ಬ್ಲೀಚಿಂಗಿನಿಂದಲ್ಲವೆಂದು ಹೇಳಲಾಗದ ಮೇಲೆ ಅಲ್ಲಿರುವುದು ಅವಳಿಗೆ ಸರಿ ಕಾಣಲಿಲ್ಲ. ಇನ್ನೊಂದು ಮನೆ ಸಿಗುವ ತನಕ ಎಂದು ವ್ಯಾನಿನ ಸೀಟು ಕಿತ್ತು ಹಲಗೆ ಹಾಸಿದಳು. ಅತ್ತೆ ಸೊಸೆ ಅದರಲ್ಲೇ ಇದ್ದು ಎಂಟು ತಿಂಗಳಾಯಿತು.

ಹನೂರಿನ ಆಚೆ ರಾಗಿ ಮೆದೆಯ ಹತ್ತಿರ ನಿಲ್ಲಿಸುವಂತಿಲ್ಲ, ಆನೆ ಬರುತ್ತದೆ. ಅಮಾವಾಸ್ಯೆಯ ಹಿಂದಿನ ದಿನಗಳಲ್ಲಿ ಮಾತ್ರ ಬೆಟ್ಟದ ದೇವರಿಗೆ ನಡೆದು ಹೋಗುವವರು ರಸ್ತೆಬದಿಯಲ್ಲಿ ಸಾಲಾಗಿ ಮಲಗುತ್ತಾರೆ, ಅವರ ನಡುವೆ ವ್ಯಾನೂ ನಿಶ್ಚಿಂತೆಯಿಂದ ಮಲಗುತ್ತದೆ. ಆದರೆ ನಾಗಶ್ರೀಗೆ ಆನೆಗಿಂತ, ಕುಡುಕರಿಗಿಂತ ದೊಡ್ಡ ತೊಡಕು ಹುಳದ್ದೇ. ರೋಗ ಬಿದ್ದ ಮನೆಗೆ ಹೋಗಿ ಬಂದ ವ್ಯಾನನ್ನು ಹುಳ ಸಾಕಿದವರು ಹತ್ತಿರ ಸೇರಿಸುವುದಿಲ್ಲ. ಅವರದು ತಪ್ಪೂ ಅಲ್ಲ. ಅವಳೇ ಯಾವ ಹುಳು ಮನೆಯಿಂದಲೂ ನೂರು ಹೆಜ್ಜೆ ದೂರ ಎಂದು ಲೆಕ್ಕ ಇಟ್ಟುಕೊಂಡಿದ್ದಾಳೆ. ಹಿಪ್ಪುನೇರಳೆ ತೋಟಗಳ ಈ ಸೀಮೆಯಲ್ಲಿ ಆ ನೂರು ಹೆಜ್ಜೆ ಸಿಗುವುದೇ ಕಷ್ಟ.

ಹೋದ ವಾರ ಹೊನ್ನೂರಿನ ರೈತ ಮುತ್ತಯ್ಯ ತಾನಾಗಿಯೇ ಕರೆದಿದ್ದ. ಮನೆಯ ಪಕ್ಕದ ಕಣದಲ್ಲಿ ಎಷ್ಟು ದಿನ ಬೇಕಾದರೂ ವ್ಯಾನು ನಿಲ್ಲಿಸಬಹುದು. ಕಾಂಪೌಂಡಿದೆ, ನಲ್ಲಿಯಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಈಗ ತೀರಿಹೋಗಿರುವ ತಾಯಿಗೆಂದು ಅವನು ಕಟ್ಟಿಸಿದ ಕಮೋಡಿನ ಕಕ್ಕಸಿದೆ. ದೊಡ್ಡಬಸಮ್ಮನ ಮಂಡಿ ಮಡಚುವುದಿಲ್ಲ. ಎಂಟು ತಿಂಗಳಿಂದ ಬೆಳಗಿನ ಹೊತ್ತು ಸೊಸೆಯ ಎರಡೂ ತೋಳು ಹಿಡಿದು, ಪೊದೆಯ ಮರೆಯಲ್ಲಿ ಅರ್ಧಕ್ಕೆ ಬಗ್ಗಿ ನಿಂತು, ದೇವರಿಗೂ ಮಗನಿಗೂ ಸೇರಿಸಿ ಬಯ್ಯುತ್ತಾಳೆ.

ಈ ವಾರ ಒಂದು ಸಂಜೆ ಐದೂಕಾಲಿಗೆ ವ್ಯಾನು ಮುತ್ತಯ್ಯನ ಗೇಟಿನ ಮುಂದೆ ನಿಂತಿತು. ಅವನು ಲುಂಗಿ ಮೇಲೆ ಕಟ್ಟಿಕೊಂಡು ಗೇಟಿನ ಎರಡೂ ಬಾಗಿಲು ತೆಗೆದ.

“ಬನ್ನಿ ಬನ್ನಿ. ಬಲಕ್ ಒಡ್ಕಳಿ, ತೆಂಗಿನ್ ಮರದ್ ಪಕ್ಕ.”

ನಾಗಶ್ರೀ ಗೇರು ಹಾಕಲಿಲ್ಲ. ಕಣದ ಆ ತುದಿಯಲ್ಲಿ ನೀಲಿ ಬಲೆ ಕಟ್ಟಿದ ಹುಳು ಮನೆ ಕಂಡಿತು, ಕರೆಯುವಾಗ ಅವನು ಅದರ ಮಾತೆತ್ತಿರಲಿಲ್ಲ. ಕಣ್ಣಳತೆಯಲ್ಲೇ ಮೂವತ್ತು ಹೆಜ್ಜೆ.

“ಅಣ್ಣ, ಹುಳ ಅವ್ಯಾ?”

“ಅವೆ. ನಾಕ್ನೇ ಜ್ವರ ಎದ್ದು ಮೂರ್ ದಿನ ಆಯ್ತು. ಮಳೆ ಸುರ್ದಂಗೆ ಸೊಪ್ಪು ತಿಂತವೆ.”

ಹುಳ ಮೇವು ಬಿಟ್ಟು ಪೊರೆ ಕಳಚುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದಾದ ಮೇಲೆ ಒಂದು ವಾರ ತಿಂದು ಗೂಡು ಕಟ್ಟುತ್ತವೆ. ಇಡೀ ಬೆಳೆಯ ಆಸೆಯೆಲ್ಲ ಆ ಒಂದು ವಾರದ ಮೇಲಿರುತ್ತದೆ.

“ಒಳಿಕ್ ಓಗಮ್ಮಿ, ಯಾಕ್ ನಿಂತ್ಕಂಡೆ? ಕೋಳಿ ಕೂತಂಗೆ ಕೂತವ್ಳೆ,” ಎಂದು ದೊಡ್ಡಬಸಮ್ಮ ಹಿಂದಿನಿಂದ ತಿವಿದಳು. ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯಲು ತಯಾರಾಗಿದ್ದಳು.

ಅದೇ ದಿನ ಬೆಳಿಗ್ಗೆ ಹನೂರು ಕಡೆಯ ಹುಳು ಮನೆಯೊಂದರಲ್ಲಿ ಹುಳಗಳು ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಸೆಟೆದು ಬಿದ್ದಿದ್ದವು. ಸುಣ್ಣಕಟ್ಟು ರೋಗ. ನಾಗಶ್ರೀ ಅವನ್ನು ಸುಟ್ಟು, ಔಷಧಿ ಹೊಡೆದು, ಸ್ನಾನ ಮಾಡಿ, ಬಟ್ಟೆ ಬದಲಿಸಿ, ವ್ಯಾನಿನ ಚಕ್ರಗಳನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆದಿದ್ದಳು. ಆದರೂ ಆ ಬಿಳಿ ಹುಡಿ ಕಣ್ಣಿಗೆ ಕಾಣದಷ್ಟು ಸಣ್ಣದು, ಗಾಳಿಯಲ್ಲಿ ಹಾರುತ್ತದೆ. ನೂರರಲ್ಲಿ ತೊಂಬತ್ತೈದು ಪಾಲು ಏನೂ ಆಗುವುದಿಲ್ಲ. ಉಳಿದ ಐದು ಪಾಲಿನ ನಷ್ಟ ಮುತ್ತಯ್ಯನದು, ಅವಳದಲ್ಲ.

“ಅಣ್ಣ, ಇವತ್ತು ಸುಣ್ಣಕಟ್ಟು ಬಿದ್ದಿದ್ ಮನೆ ತೊಳ್ದು ಬಂದಿವ್ನಿ.”

ಮುತ್ತಯ್ಯನ ಕೈ ಗೇಟಿನ ಮೇಲೆಯೇ ನಿಂತಿತು. ವ್ಯಾನಿನ ಚಕ್ರ ನೋಡಿದ, ಹುಳು ಮನೆ ನೋಡಿದ, ಮುದುಕಿಯ ಮುಖ ಮಾತ್ರ ನೋಡಲಿಲ್ಲ.

“ಹಂಗಾರೆ ಬ್ಯಾಡ ಕಣವ್ವ,” ಎಂದ ಮೆಲ್ಲಗೆ.

“ವ್ಯಾನ್ ಬ್ಯಾಡ್ವಾ? ಇರ್ಲಿ, ಆಚೇಲೆ ಇರ್ಲಿ,” ಎಂದಳು ದೊಡ್ಡಬಸಮ್ಮ. “ನಾನ್ ಆ ರೋಗದ್ ಮನೆ ಒಸ್ಲೇ ತುಳಿನಿಲ್ಲ ಕಣಪ್ಪ. ನಾನೊಬ್ಳು ಬಂದ್ ಓಯ್ತೀನಿ.”

“ಆ ಮನೆಯಮ್ಮ ನಿಮ್ ಪಕ್ಕದಲ್ಲೇ ಕೂತು ಎಲಡಿಕೆ ಆಕಂಡ್ರಲ್ಲ ಅತ್ತೆ,” ಎಂದಳು ನಾಗಶ್ರೀ.

ಗೇಟು ಮುಚ್ಚಿತು. ವ್ಯಾನು ಹಿಂದಕ್ಕೆ ಸರಿಯಿತು.

“ಹರಿಶ್ಚಂದ್ರನ್ ವಂಶದೋಳು! ಅವ್ನೇನ್ ನಿನ್ನ ಕೇಳಿದ್ನಾ? ಕೇಳ್ದೆ ಇರೋದ ಯೋಳಕ್ ನಿನ್ಗ್ಯಾರ್ ಸಂಬಳ ಕೊಟ್ಟರು?” ಯಳಂದೂರು ಬರುವ ತನಕ ದೊಡ್ಡಬಸಮ್ಮನ ಬಾಯಿ ನಿಲ್ಲಲಿಲ್ಲ.

ಬೆಳಕು ಇಳಿಯುತ್ತಿತ್ತು. ಒಂದು ಛತ್ರದ ಅಂಗಳದಲ್ಲಿ ಮದುವೆಯ ಚಪ್ಪರ ಎದ್ದಿತ್ತು. ಶಾಲೆಯ ಮೈದಾನದ ಪಕ್ಕದ ಗದ್ದೆಗೆ ಯಾರೋ ಹೊಸದಾಗಿ ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದರು. ಕೆರೆ ಏರಿಯ ಮೇಲೆ ಇಳಿದು ಹತ್ತು ಹೆಜ್ಜೆ ನಡೆದಳು, ಒಡೆದ ಬಾಟಲಿಗಳನ್ನು ಕಂಡು ವಾಪಸು ಬಂದಳು. ಕೊನೆಗೆ ಪೆಟ್ರೋಲ್ ಬಂಕಿನವರನ್ನು ಕೇಳಿ, ಲಾರಿಗಳ ಸಾಲಿನ ತುದಿಯಲ್ಲಿ ಮೂತಿ ರಸ್ತೆಗೆ ಮಾಡಿ ವ್ಯಾನು ನಿಲ್ಲಿಸಿದಳು. ಬಂಕಿನಲ್ಲಿದ್ದದ್ದು ಕುಕ್ಕರಗಾಲಿನ ಕಕ್ಕಸು. ಅತ್ತೆಯನ್ನು ಹಿಡಿದುಕೊಳ್ಳಲು ಅಲ್ಲಿಯೂ ಎರಡು ತೋಳು ಬೇಕಾದವು. ಈ ಸಲ ಮುದುಕಿ ಬಯ್ಯಲಿಲ್ಲ.

ಬೆಳಿಗ್ಗೆ ಆರೂವರೆಗೆ ಮುತ್ತಯ್ಯನ ಫೋನು ಬಂತು.

“ಎಲ್ ಮಲ್ಗಿದ್ರಿ?”

“ಬಂಕಲ್ಲಿ.”

“ನಾಕ್ ದಿನುಕ್ಕೆ ಹುಳ ಹಣ್ಣಾಗಿ ಗೂಡು ಕಟ್ತವೆ. ಗೂಡು ಬಿಡ್ಸಕ್ಕೆ ಇನ್ನೈದ್ ದಿನ. ಅದಾದ್ ಮಾರ್ನೆ ದಿನ ಬಂದು ಮನೆ ತೊಳ್ಕೊಡಿ, ವ್ಯಾನೂ ಒಳಿಕ್ ಹಾಕಿ. ಹುಳ ಇದ್ದಾಗ್ಲೂ ಬನ್ನಿ. ಆದ್ರೆ ದಿನಾ ಗೇಟಲ್ ನಿಂತು, ಎಲ್ಲಿಂದ ಬಂದ್ರಿ ಅಂತ ನಿನ್ನೆ ಯೋಳ್ದಂಗೆ ಯೋಳ್ಬೇಕು.”

“ಯೋಳ್ತೀನಿ ಅಣ್ಣ.”

ದೊಡ್ಡಬಸಮ್ಮ ಫೋನು ಕಿತ್ತುಕೊಂಡಳು. “ಮುತ್ತಯ್ಯ, ಆ ಕಮೋಡ್ ಪಕ್ಕ ಗೋಡೆಗೊಂದ್ ಹಿಡಿ ಆಕ್ಸಪ್ಪ. ನಿಮ್ಮವ್ವ ಏನ್ ಹಿಡ್ಕತ್ತಿದ್ಲು, ಗಾಳಿನಾ?”

ನಾಗಶ್ರೀ ನಗಲಿಲ್ಲ. ನೋಟ್‌ಬುಕ್ಕು ಬಿಚ್ಚಿ ಮುಂದಿನ ತಿಂಗಳ ಕೆಲಸಗಳನ್ನು ಹಿಂದುಮುಂದು ಮಾಡತೊಡಗಿದ್ದಳು. ರೋಗದ ಮನೆಗಳನ್ನೆಲ್ಲ ಮುತ್ತಯ್ಯನ ಹುಳು ಮನೆ ಖಾಲಿಯಿರುವ ದಿನಗಳಿಗೆ ತಳ್ಳಿದರೆ, ಉಳಿದ ಸಂಜೆಗಳಲ್ಲಿ ಗೇಟು ತೆಗೆಯುತ್ತದೆ. ಅದಕ್ಕೆ ಯಾವ ಮನೆಯಲ್ಲಿ ಏನಾಗಿದೆ ಎಂದು ಮೊದಲೇ ಗೊತ್ತಿರಬೇಕು. ಆ ದಿನ ಯಾರ ಹುಳು ಮನೆ ತೊಳೆಯಬೇಕಿತ್ತೋ ಆ ರೈತ ಚೆನ್ನಯ್ಯನಿಗೆ ಅಲ್ಲಿಂದಲೇ ಫೋನು ಮಾಡಿದಳು.

“ಚೆನ್ನಯ್ಯಣ್ಣ, ಓದ್ ಬೆಳೇಲಿ ಹುಳ ಹೆಂಗಿದ್ವು?”

“ಒಸಿ ಚೆನ್ನಾಗಿದ್ವಾ! ಬಂಗಾರ್ದಂಗಿದ್ವು ಕಣಕ್ಕ,” ಎಂದ ಚೆನ್ನಯ್ಯ. ಆಮೇಲೆ ಕೆಮ್ಮಿ, “ಎಲ್ಲೋ ಒಂದೆಲ್ಡು ಬೆಳ್ಳಗಾಗಿದ್ವು, ಅಷ್ಟೆಯಾ.”