ಬಿಂದಿಗೆಯ ಲಾವಂಚ

ನಿರುಪಮಾ ಕೂತಲ್ಲಿ ಕೂರುವವಳಲ್ಲ. ನ್ಯೂಜೆರ್ಸಿಯ ಪೈನ್ ಕಾಡಿನ ಅಂಚಿನಲ್ಲಿದ್ದ ಅವಳ ಮನೆಗೆ ನಾವು ಸ್ನೇಹಿತರು ನ್ಯೂಯಾರ್ಕಿನ ಕ್ವೀನ್ಸ್‌ನಿಂದ ಡ್ರೈವ್ ಮಾಡಿಕೊಂಡು ಹೋದರೆ, ಕೋಟು ಬಿಚ್ಚುವುದಕ್ಕೂ ಬಿಡದೆ ನೀರು ತಂದು ಕೊಡುತ್ತಿದ್ದಳು. ಅಲ್ಲಿ ಮನೆಮನೆಗೂ ಸ್ವಂತ ಕೊಳವೆಬಾವಿ. ಕುಡಿಯುವ ನೀರನ್ನು ಅವಳು ತಾಮ್ರದ ಬಿಂದಿಗೆಗೆ ತುಂಬಿ, ಮೈಸೂರಿನಿಂದ ತಾಯಿ ಕಳಿಸಿದ ಲಾವಂಚದ ಬೇರು ಹಾಕಿಡುತ್ತಿದ್ದಳು. ಅದರ ಘಮವನ್ನು ಹೊಗಳಿ ಅವಳನ್ನು ಅಟ್ಟಕ್ಕೇರಿಸಿದವರು ನಾವೇ.

೧೯೭೪ರ ಏಪ್ರಿಲ್‌ನಲ್ಲಿ ಬೀದಿಯವರು ನೀರು ನಾರುತ್ತಿದೆ ಎನ್ನತೊಡಗಿದರು. ಹತ್ತಿರದ ಮರಳುಗುಂಡಿಯಲ್ಲಿ ಒಂದು ಬಣ್ಣದ ಕಾರ್ಖಾನೆ ಡ್ರಮ್ಮುಗಟ್ಟಲೆ ರಾಸಾಯನಿಕ ಹೂಳುತ್ತಿತ್ತು. ಊರಸಭೆ ಸೇರಿತು. ಪಕ್ಕದ ಮನೆಯ ಹೆಲೆನ್ ನಾಲ್ಕು ತಿಂಗಳ ಕೂಸನ್ನೆತ್ತಿಕೊಂಡು ಬಂದು, ಬಾವಿಗಳನ್ನು ಪರೀಕ್ಷಿಸಿ ಎಂದು ಕೇಳಿದಳು. ಆಗ ನಮ್ಮ ನಿರುಪಮಾ ಎದ್ದು ನಿಂತಳು. ಯಾರು ಕರೆದಿದ್ದರೋ ಇವಳನ್ನು! ತನ್ನ ನೀರಿನಲ್ಲಿ ಯಾವ ವಾಸನೆಯೂ ಇಲ್ಲ, ನ್ಯೂಯಾರ್ಕಿನ ಸ್ನೇಹಿತರೂ ಕ್ಯಾನಿನಲ್ಲಿ ತುಂಬಿಸಿಕೊಂಡು ಹೋಗುತ್ತಾರೆ ಎಂದಳು. ಕಾರ್ಖಾನೆಯ ವಕೀಲ ಅದನ್ನು ಬರೆದುಕೊಂಡ. ಪರೀಕ್ಷೆ ಮುಂದಕ್ಕೆ ಹೋಯಿತು.

ಆಗಸ್ಟ್‌ನಲ್ಲಿ ಲಾವಂಚ ಮುಗಿಯಿತು; ಊರಿನ ಪಾರ್ಸೆಲ್ ಬರಲಿಲ್ಲ. ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದಳು.

"ರಾಜಿ, ಬಿಂದಿಗೆ ನೀರು ಟರ್ಪೆಂಟೈನ್ ಥರ ಸ್ಮೆಲ್ ಬರ್ತಿದೆ ಕಣೇ. ಸ್ನಾನದ ನೀರೂ ಹೀಗೇ ಇತ್ತು, ಹೊಸ ಪೈಪಿಂದು ಅಂದ್ಕೊಂಡಿದ್ದೆ. ಆ ಮಗು..."

"ಹೆಲೆನ್‌ಗೆ ಮೊದ್ಲೇ ಗೊತ್ತಲ್ವಾ, ಅಂಗಡಿ ನೀರೇ ತರ್ತಿರ್ತಾಳೆ ಬಿಡು" ಎಂದೆ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ.

ಆ ಸಂಜೆಯೇ ಮತ್ತೆ ಊರಸಭೆಯಿತ್ತು. ನಾನು ಹೋದಾಗ ಅವಳು ಅಡುಗೆಮನೆಗೂ ಬಾಗಿಲಿಗೂ ಶತಪಥ ತಿರುಗುತ್ತಿದ್ದಳು. ಗಂಡ ಕೃಷ್ಣಸ್ವಾಮಿ ಪೇಪರ್ ಕೆಳಗಿಡಲಿಲ್ಲ.

"ಸುಮ್ನಿದ್ಬಿಡು ನಿರು. ಈಗ ಮಾತು ಬದಲಾಯಿಸಿದ್ರೆ ಎಲ್ರೂ ನಗ್ತಾರೆ. ಆಮೇಲೆ ಈ ಮನೇನ ಯಾರು ತಗೋತಾರೆ?"

"ನಗ್ಲಿ ಬಿಡಿ" ಎಂದು ಅವಳು ನನ್ನ ಕಾರು ಹತ್ತಿದಳು.

ಸಭೆಯಲ್ಲಿ, ಬೇರಿನ ಘಮವೇ ನೀರಿನ ನಾತವನ್ನು ಮುಚ್ಚಿತ್ತೆಂಬ ಸಂಗತಿಯನ್ನೆಲ್ಲ ಒಪ್ಪಿಕೊಂಡಳು. ಸುಳ್ಳು ಹೇಳಿದ್ದು ಅಂದೋ ಇಂದೋ ಎಂದು ವಕೀಲ ಕೇಳಿದ. ಅಂದು ಹೇಳಿದ್ದು ಬಿಂದಿಗೆಯ ವಿಷಯ, ಬಾವಿಯದನ್ನು ಇಂದು ಹೇಳುತ್ತಿದ್ದೇನೆ ಎಂದಳು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು ಗೊಣಗಿದರು. ಆದರೂ ಮುಂದಿನ ವಾರವೇ ಬಾವಿಗಳ ಪರೀಕ್ಷೆಯೆಂದು ತೀರ್ಮಾನವಾಯಿತು. ನನಗೆ ಅವಳ ಬಗ್ಗೆ ಹೆಮ್ಮೆ ಉಕ್ಕಿತು. ಕೆಲಸ ಮುಗಿಯಿತು ಎಂದುಕೊಂಡೆ.

ಹೊರಬಾಗಿಲಿನಲ್ಲಿ ಹೆಲೆನ್ ಕಾಯುತ್ತಿದ್ದಳು. ಬೈಯುತ್ತಾಳೆಂದು ನಾನು ಸೆಟೆದು ನಿಂತೆ. ಅವಳು ಬೈಯಲಿಲ್ಲ.

"ಅಂದು ನೀವು ಹೇಳಿದ ಮೇಲೆ ನನ್ನ ಮೂಗೇ ಸರಿಯಿಲ್ಲ ಅಂದುಕೊಂಡೆ. ನನ್ನ ಗಂಡನೂ ಹಾಗೇ ಅಂದ. ಅಂಗಡಿ ನೀರು ತರೋದು ನಿಲ್ಲಿಸಿದೆ. ನಾಲ್ಕು ತಿಂಗಳಿಂದ ಇವಳ ಬಾಟಲಿಗೆ ಬಾವಿ ನೀರೇ."

ಕೂಸು ಅವಳ ಹೆಗಲ ಮೇಲೆ ನಿದ್ದೆಹೋಗಿತ್ತು. ನಿರುಪಮಾ ಅದರ ಪಾದ ಮುಟ್ಟಲು ಕೈ ಚಾಚಿದವಳು, ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡಳು.