ನಲವತ್ತೆಂಟು ಮುಚ್ಚಳ

ಬೆಳಿಗ್ಗೆ ಪ್ರಯೋಗಾಲಯಕ್ಕೆ ಬಂದ ಕೂಡಲೇ ಸಣ್ಣಿ ತನ್ನ ನೋಟ್‌ಬುಕ್ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಜ್ವರ ಬಂದ ದಿನವೂ ಅದನ್ನು ತಪ್ಪಿಸಿದವಳಲ್ಲ. ಯಾರಾದರೂ ನೋಡಿಬಿಟ್ಟರೆ ಧೂಳು ಊದಿದಂತೆ ನಟಿಸುತ್ತಿದ್ದಳು.

ಹೆಸರಿಗೆ ಸಣ್ಣಿ, ಆಳು ಬಾಗಿಲೆತ್ತರ. ಮನೆಯಲ್ಲಿ ಅಕ್ಕ ಹಾಗೆ ಕರೆಯುವುದನ್ನು ಫೋನಿನಲ್ಲಿ ಕೇಳಿಸಿಕೊಂಡಿದ್ದ ಪ್ರಯೋಗಾಲಯದ ಸೀನಿಯರ್ ಕೂಡ ಅದನ್ನೇ ಹಿಡಿದುಕೊಂಡಿದ್ದ. ಆ ಪರದೇಶದ ಊರಿನಲ್ಲಿ ಅವಳೊಂದಿಗೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು.

ಎಂಎಸ್ಸಿ ಓದಲು ಬಂದ ಮೇಲೆ ಇದು ಅವಳ ಮೊದಲ ಬೇಸಿಗೆ. ಹಾಸ್ಟೆಲು ಖಾಲಿಯಾಗಿ, ಇಡೀ ಮಹಡಿಯ ಅಡುಗೆಮನೆ ಅವಳೊಬ್ಬಳದ್ದಾಗಿತ್ತು. ಕಿಟಕಿಗೆ ಹರವಿದ ಬಟ್ಟೆ ಕಾಫಿ ಮುಗಿಯುವಷ್ಟರಲ್ಲಿ ಗರಿಗರಿ. ಅವಳ ಕೆಲಸವೆಲ್ಲ ಮುಚ್ಚಳವಿರುವ ನಲವತ್ತೆಂಟು ಪುಟ್ಟ ಪ್ಲಾಸ್ಟಿಕ್ ತಟ್ಟೆಗಳಲ್ಲಿತ್ತು. ಒದ್ದೆ ಕಾಗದದ ಮೇಲೆ ಬೀಜ. ಕೆಲವಕ್ಕೆ ಬರೀ ನೀರು, ಉಳಿದವಕ್ಕೆ ಉಪ್ಪುನೀರು. ಎಷ್ಟು ಮೊಳೆತವು ಎಂದು ದಿನವೂ ಎಣಿಸಿ ಬರೆಯಬೇಕು. ಇನ್ನು ನಾಲ್ಕು ದಿನ ಬರೆದರೆ ಮುಗಿಯಿತು, ಐದನೆಯ ದಿನ ವಿಮಾನ. ಅಕ್ಕನಿಗೆ ಚೊಚ್ಚಲ ಹೆರಿಗೆ, ದಿನ ತುಂಬಿತ್ತು.

ಅಂದಿನ ಸೆಕೆಗೆ ಮುಚ್ಚಳಗಳ ಒಳಗೆಲ್ಲ ಹನಿ ಕಟ್ಟಿ ಬೀಜಗಳೇ ಕಾಣಿಸಲಿಲ್ಲ. ಸಣ್ಣಿ ಎಲ್ಲ ಮುಚ್ಚಳ ತೆಗೆದು ಒರೆಸಿ, ತಟ್ಟೆಗಳಿದ್ದ ಕ್ರಮದಲ್ಲೇ ಮೇಜಿನ ಮೇಲೆ ಸಾಲಾಗಿಟ್ಟಳು. ಗುರುತಿನ ಸಂಖ್ಯೆ ಬರೆದದ್ದು ಮುಚ್ಚಳದ ಮೇಲೆ ಮಾತ್ರ. ತಟ್ಟೆಯ ತಳಕ್ಕೂ ಬರಿ ಎಂದು ಸೀನಿಯರ್ ಮೊದಲ ದಿನವೇ ಹೇಳಿದ್ದ. ಓದಲು ಪ್ರತಿ ಸಲ ತಟ್ಟೆ ಎತ್ತಬೇಕಲ್ಲ ಎಂಬ ಸೋಮಾರಿತನ ಇವಳಿಗೆ. ಒರೆಸುವಷ್ಟರಲ್ಲಿ ಅವಳೇ ಬೆವರಿ ಹೋಗಿದ್ದಳು. ಟೇಬಲ್ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡಳು. ಮುಚ್ಚಳಗಳು ಹಪ್ಪಳದಂತೆ ಹಾರಿ ನೆಲದ ತುಂಬ ಚೆಲ್ಲಾಡಿದವು.

ಬೆಳಕು ಎಲ್ಲಕ್ಕೂ ಸಮನಾಗಿ ಸಿಗಲೆಂದು ತಟ್ಟೆಗಳ ಜಾಗವನ್ನು ದಿನವೂ ಅದಲುಬದಲು ಮಾಡುತ್ತಿದ್ದಳು. ಹಾಗಾಗಿ ಜಾಗ ನೋಡಿ ಗುರುತು ಹಿಡಿಯುವಂತಿರಲಿಲ್ಲ. ಚೆನ್ನಾಗಿ ಮೊಳೆತದ್ದೇ ಬರೀ ನೀರಿನದು ಎಂದು ಊಹಿಸಿ ಮುಚ್ಚಬಹುದಿತ್ತು. ಆದರೆ ಕಂಡುಹಿಡಿಯಬೇಕಾದದ್ದೇ ಅದು. ಮತ್ತೆ ಮೊದಲಿನಿಂದ ಬಿತ್ತಿದರೆ ಮೂರು ವಾರ. ಅಲ್ಲಿಗೆ ರಜೆಯೂ ಮುಗಿಯುತ್ತದೆ.

ಅವಳು ಅಕ್ಕನಿಗೆ ಫೋನ್ ಮಾಡಿದಳು. "ನಂಗೆ ಬರೋಕಾಗಲ್ಲ ಕಣೇ."

"ಯಾಕೆ, ವಿಮಾನ ಕೆಟ್ಟುಹೋಯ್ತಾ?"

"ಫ್ಯಾನ್ ಹಾಕ್ಕೊಂಡೆ."

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಮನೇಲೂ ಅಷ್ಟೇ, ಡಬ್ಬಿ ಒಂದು ಕಡೆ, ಮುಚ್ಚಳ ಒಂದು ಕಡೆ. ಅಮ್ಮ ಬೈದಿದ್ದು ಸಾಲಲಿಲ್ಲ ನಿಂಗೆ." ಆಮೇಲೆ ಅಂದಳು, "ನೋವು ಬಂದಾಗ ಕೈ ಹಿಡ್ಕೊಳ್ಳೋಕೆ ನೀನಿರ್ತೀಯ ಅಂದ್ಕೊಂಡಿದ್ದೆ. ಇರಲಿ ಬಿಡು, ನಿನ್ನ ಭಾವನ ಕೈನೇ ಹಿಂಡ್ತೀನಿ."

ಸಣ್ಣಿ ನಕ್ಕಳು. ಫೋನ್ ಇಟ್ಟ ಮೇಲೆ ಮೂಗು ಒರೆಸಿಕೊಂಡಳು.

ಸದ್ದು ಕೇಳಿ ಬಂದು ನೆಲದಿಂದ ಮುಚ್ಚಳ ಆರಿಸಿಕೊಡುತ್ತಿದ್ದ ಸೀನಿಯರ್ ಎದ್ದು ನಿಂತ. ತಿಂಗಳ ಕೊನೆಗೆ ಅವನ ಪ್ರಬಂಧ ಒಪ್ಪಿಸಬೇಕಿತ್ತು. ತಲೆ ಬಾಚದೆ ಎಷ್ಟು ದಿನವಾಗಿತ್ತೋ.

"ಬೀಜ ಇವತ್ತೇ ಹಾಕು ಸಣ್ಣಿ. ಹೊರಡೋ ತನಕ ನೀನು ಎಣಿಸು, ಆಮೇಲೆ ನನಗೆ ಬಿಟ್ಟು ಊರಿಗೆ ಹೋಗಿ ಬಾ. ಮೂರು ವಾರ ತಾನೇ?"

ಅವಳು ತನ್ನ ಅಂಗೈಯನ್ನೇ ನೋಡುತ್ತ ನಿಂತಳು.

"ಬೇಡ ಅಣ್ಣ," ಎಂದಳು ಕೊನೆಗೆ. "ಬಿಳಿ ತುದಿ ಇಣುಕಿದ್ರೆ ಸಾಕು, ನೀವು ಮೊಳೆತಿದೆ ಅಂತೀರಿ. ನಾನು ಇನ್ನೊಂದು ದಿನ ಕಾಯ್ತೀನಿ. ಎಣಿಸೋ ಕಣ್ಣು ಕೊನೇ ತನಕ ಒಂದೇ ಇರಬೇಕು."

"ಅಕ್ಕನ ಹತ್ರ?"

"ಅಲ್ಲಿ ದೇವರಿದ್ದಾನೆ, ಭಾವನೂ ಇದ್ದಾರೆ. ನೀವು ಹೋಗಿ ಪ್ರಬಂಧ ಬರ್ಕೊಳ್ಳಿ."