ಬಿಸಿಲಿನ ಕಥೆಗೆ ಮಳೆ ಕೆರೆದವನು

ಅವನ ಕೆಳತುಟಿಯ ನಟ್ಟನಡುವೆ ಒಂದು ಕರಿ ಗೆರೆ ಇತ್ತು. ಹುಟ್ಟುಮಚ್ಚೆ ಅಲ್ಲ. ಕುಂಚದ ತುದಿ ಚೂಪಾಗಲಿ ಅಂತ ಗಳಿಗೆಗೊಮ್ಮೆ ಅದನ್ನು ತುಟಿಗೆ ಒತ್ತಿ ಎಳೆಯುತ್ತಿದ್ದ. ಹಂಗೇ ಎಳೆದು ಎಳೆದು ಶಾಯಿ ಚರ್ಮದೊಳಗೆ ಇಳಿದು ಕುಂತುಬಿಟ್ಟಿತ್ತು. ಉಂಡರೂ ಹೋಗುತ್ತಿರಲಿಲ್ಲ, ತೊಳೆದರೂ ಹೋಗುತ್ತಿರಲಿಲ್ಲ. ಊರ ಹುಡುಗರು ಅವನು ಶಾಯಿ ಕುಡಿಯುತ್ತಾನೆ ಅಂತಲೇ ತಿಳಿದಿದ್ದರು.

ನಾವು ಅವನನ್ನು ಚಿತ್ರಗಾರ ಅನ್ನುತ್ತಿದ್ದೆವು. ಶಿಗ್ಗಾಂವಿ ತಾಲೂಕಿನ ಗೊಟಗೋಡಿ ಕಡೆಯವನು. ಹೊಟ್ಟೆಗೆ ಅಂಗಡಿಯ ಬೋರ್ಡು, ಲಾರಿಯ ಹಿಂದಿನ ಹೂಬಳ್ಳಿ ಬರೆಯುತ್ತಿದ್ದ. ಮನಸ್ಸಿಗೆ ಚಿತ್ರದ ಕಥೆ. ದೊಡ್ಡ ದಪ್ಪ ಹಾಳೆಯಲ್ಲಿ ಚೌಕ ಚೌಕ ಮನೆ ಹಾಕಿ, ಒಂದೊಂದು ಮನೆಯಲ್ಲಿ ಒಂದೊಂದು ಚಿತ್ರ. ಮಂದಿ ಮಾತಾಡಿದ್ದನ್ನು ಅವರ ಬಾಯಿಯಿಂದ ಹೊರಟ ಗುಳ್ಳೆಯೊಳಗೆ ಬರೆಯುತ್ತಿದ್ದ. ಸವಣೂರಿನ ಒಂದು ಸಣ್ಣ ಅಚ್ಚಿನ ಮನೆಯಲ್ಲಿ ಪುಸ್ತಕ ಮಾಡಿಸಿ ಸಂತೆಯಲ್ಲಿ ಮಾರುತ್ತಿದ್ದ. ಹೇಳುವವರಿಲ್ಲ, ಕೇಳುವವರಿಲ್ಲ. ತಾನೇ ಬರೆಯಬೇಕು, ತಾನೇ ಹೊರಬೇಕು.

ವರ್ಷಕ್ಕೆ ಮೂರು ಸಲ ನಮ್ಮೂರಿಗೆ ಬರುತ್ತಿದ್ದ. ಕಾರಹುಣ್ಣಿವೆಗೆ ಒಮ್ಮೆ, ಮಹಾನವಮಿಗೆ ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ. ನಮ್ಮೂರು ಹಾನಗಲ್ಲಿಗೂ ತಿಳವಳ್ಳಿಗೂ ನಡುವೆ, ವಾರದ ಸಂತೆ ಸಣ್ಣದು. ಬೇವಿನ ಗಿಡದಿಂದ ಯಾರದೋ ಬಂಡಿಗೆ ಹಗ್ಗ ಕಟ್ಟಿ ಹಾಳೆ ತೂಗುಹಾಕುತ್ತಿದ್ದ. ಆಮೇಲೆ ಕುಂಚ ಕಿವಿಗೆ ಸಿಗಿಸಿ ಸುದ್ದಿ ಹೇಳುತ್ತಿದ್ದ. ಯಾವಾಗಲೂ ಅದೇ ಮೂರು ಮಾತು.

"ಆಗಿದ್ದು: ಕಳ್ಳ-ಕುದುರಿ ಕಥಿ, ಇಲ್ಲೇ ಐತಿ, ನೋಡ್ರಿ. ಆಗಾಕತ್ತಿದ್ದು: ಅಣ್ಣ-ತಮ್ಮರ ಪಾಲಿನ ಕಥಿ. ಆಗದ್ದು: ಆನಿ ಕಥಿ. ಆನಿ ಕಾಲು ನನಗ ಬಗೀಹರೀವಲ್ದು, ಮಾಫ್ ಮಾಡ್ರಿ. ಮುಂದ ಹಿರೇಕೆರೂರಾಗ ಇರ್ತೇನಿ, ಅಲ್ಲಿಂದ ಹಂಸಭಾವಿ."

ಆಗದ್ದನ್ನು ಸಂತೆಯಲ್ಲಿ ನಿಂತು ಹೇಳುವ ಗಂಡಸನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ಬಹಳ ನೋಡಿಲ್ಲ.

ಅವನ ಕಥೆಯಲ್ಲಿ ಮುಖಗಳೆಲ್ಲ ನಮ್ಮವೇ. ಅದು ಅವನ ಪದ್ಧತಿ. ಮೊದಲು ಮೈ, ಸೀರೆ, ಗಿಡ, ದನ ಎಲ್ಲ ತೆಗೆದು ಮುಖದ ಜಾಗ ಖಾಲಿ ಬಿಡುತ್ತಿದ್ದ. ಆಮೇಲೆ ಊರೂರು ತಿರುಗಿ ಮಂದಿಯನ್ನು ಕೂರಿಸಿಕೊಂಡು ಆ ಜಾಗ ತುಂಬುತ್ತಿದ್ದ. ಹಾನಗಲ್ಲಿನ ಬಳೆಗಾರ ಒಂದು ಕಥೆಗೆ ರಾಜ. ನಮ್ಮೂರ ತಳವಾರ ಮಂತ್ರಿಯಾದ ಬಿಂಕಕ್ಕೆ ಮೂರು ತಿಂಗಳು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ನಮ್ಮತ್ತಿಯೂ ಒಮ್ಮೆ ರಾಜನ ತಾಯಿ ಆದಳು. ಆಕೆ ಕಟ್ಟೆಯ ಮೇಲೆ, ಅವನು ಅಂಗಳದಲ್ಲಿ ಮಣ್ಣಿನ ಮೇಲೆ.

"ಎರಡೂ ಮೂಗುಬಟ್ಟು ಬರಬೇಕ ನೋಡ," ಅಂದಳು.

"ವಾರಿ ಮಾರಿ ತೆಗದ್ರ ಒಂದ ಕಾಣತೈತ್ರಿ, ಅವ್ವಾರ."

"ಹಂಗಾರ ಎದುರು ತೆಗಿ. ಎರಡಕ್ಕೂ ಬಂಗಾರ ಕೊಟ್ಟೈತಿ."

ನಾವು ಅವನಿಗೆ 'ಬಾರೋ' ಅನ್ನುತ್ತಿದ್ದೆವು, ಅವನು ನಮಗೆ 'ಬಂದ್ನಿರಿ' ಅನ್ನುತ್ತಿದ್ದ. ಅವನ ಜಾತಿ ಎಲ್ಲರಿಗೂ ಗೊತ್ತಿತ್ತು. ಅವರ ಮನೆಯವರು ಬುದ್ಧನ ಫೋಟೋ ಇಟ್ಟುಕೊಂಡಿದ್ದರು. ಕಟ್ಟೆ ಹತ್ತು ಅಂತ ಯಾರೂ ಅನ್ನಲಿಲ್ಲ. ಮುಖ ಮಾತ್ರ ಎಲ್ಲರೂ ಕೊಟ್ಟರು.

ಒಂದು ಕಾರಹುಣ್ಣಿವೆಗೆ ಹೊಸ ಸುದ್ದಿ ಹೇಳಿದ. "ಆಗಾಕತ್ತಿದ್ದು: ನಮ್ಮವ್ವನ ಕಥಿ. ಆಕಿ ಕಣ್ಣಿಗೆ ಪೊರಿ ಬಂದೈತ್ರಿ. ಪೂರಾ ಮುಚ್ಚೂದ್ರಾಗ ಆಕಿಗೆ ತೋರಸಬೇಕು. ಇಲ್ಲೇ ತೋರಸಬೇಕು. ಆಕಿ ನಿಮ್ಮೂರಾಗ ಕೂಲಿ ಮಾಡಿದಾಕಿ."

ಅವನ ತಾಯಿ ನಮ್ಮೂರಲ್ಲಿ ಇದ್ದದ್ದು ನಾನು ಸೊಸೆಯಾಗಿ ಬರುವುದಕ್ಕಿಂತ ಎಷ್ಟೋ ಮುಂಚೆ. ಹೆಣ್ಣುಮಕ್ಕಳು ಮುಗಿಬಿದ್ದರು. ಈ ಸಲ ನನ್ನದು ಹಾಕು, ನನ್ನದು ಹಾಕು. ಅವನು ಒಬ್ಬೊಬ್ಬರನ್ನೂ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ: "ಯಾವ ಕಥಿ ಆದ್ರೂ ಆದೀತೇನ್ರಿ?"

"ಯಾವುದರ ಹಾಕೋ ಮಾರಾಯಾ. ಚಂದ ಬಂದ್ರ ಆತು."

ಮಹಾನವಮಿಗೆ ತಾಯಿಯನ್ನು ಬಸ್ಸಿನಲ್ಲಿ ಕರಕೊಂಡು ಬಂದ. ಒಣಗಿದ ಮುದುಕಿ, ಕಣ್ಣಗುಡ್ಡೆಯ ಮೇಲೆ ಮಜ್ಜಿಗೆ ಬಣ್ಣದ ಪೊರೆ. ಬೇವಿನ ಗಿಡದ ಬುಡದಲ್ಲಿ ಚೀಲ ಹಾಸಿ ಕೂರಿಸಿ ಹಾಳೆ ತೂಗುಹಾಕಿದ. ನಾನು ಮೆಣಸಿನಕಾಯಿ ಕೊಳ್ಳಲು ಹೋದವಳು ಅಲ್ಲೇ ನಿಂತೆ.

ಮೊದಲಿಗೆ ನಗು. "ಏ, ಇಲ್ನೋಡು, ಮೇಲಿನ ಮನಿ ಗೌಡಶಾನಿ!" "ನನ್ನ ಗದ್ದ ಇಷ್ಟ ಉದ್ದ ಐತೇನ?" ಆಮೇಲೆ ಒಬ್ಬೊಬ್ಬರದೇ ನಗು ನಿಂತಿತು.

ಚಿತ್ರದಲ್ಲಿ ನಮ್ಮೂರ ಬಾವಿ. ಹಿಂದೆಲ್ಲ ಅವರ ಕೇರಿಯವರು ಆ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಕೊಡ ದೂರ ಇಟ್ಟು ನಿಲ್ಲಬೇಕು. ನೀರು ಸೇದುವವರಿಗೆ ಮನಸ್ಸು ಬಂದರೆ ಮೇಲಿನಿಂದ ಸುರಿಯಬೇಕು. ಮೊದಲ ಮನೆಯಲ್ಲಿ ಒಬ್ಬ ಹೆಂಗಸು ಬಗಲಲ್ಲಿ ಕೂಸು ಹೊತ್ತು ಕೊಡ ಇಡುತ್ತಾಳೆ. ಮುಂದಿನ ಮನೆಗಳಲ್ಲೆಲ್ಲ ಅವಳು ನಿಂತೇ ಇದ್ದಾಳೆ. ಸೂರ್ಯ ಮೇಲೇರುತ್ತಾನೆ, ಕೊಡದ ನೆರಳು ಸಣ್ಣದಾಗುತ್ತದೆ. ಬಾವಿಯ ಸುತ್ತ ನಮ್ಮೂರ ಹೆಣ್ಣುಮಕ್ಕಳು, ಕೇಳಿ ಹಾಕಿಸಿಕೊಂಡ ಮುಖಗಳು. ಅವರ ಬಾಯಿಂದ ಗುಳ್ಳೆಗಳು: ಬದನೆಕಾಯಿ ಪಲ್ಯಕ್ಕೆ ಗುರೆಳ್ಳು ಹಾಕಿದ್ದು, ಸೀರೆಯ ಅಂಚು, ಯಾರ ಮಗಳನ್ನು ಎಲ್ಲಿಗೆ ಕೊಟ್ಟದ್ದು. ಕೊಡದವಳ ಬಾಯಿಗೆ ಒಂದೂ ಗುಳ್ಳೆ ಇಲ್ಲ. ಕೊನೆಯ ಮನೆಯಲ್ಲಿ ಖಾಲಿ ಕೊಡ ಹೊತ್ತು ತಿರುಗಿ ಹೋಗುತ್ತಿದ್ದಾಳೆ. ಚಿತ್ರದಲ್ಲಿ ನಮ್ಮತ್ತಿಯೂ ಹಿಂದೆ ಹುಣಸೆಗಿಡದ ಹತ್ತಿರ ನಿಂತಿದ್ದಳು, ರಾಜನ ತಾಯಿಗೆ ಕೊಟ್ಟಿದ್ದ ಅದೇ ಎದುರು ಮುಖ, ಎರಡೂ ಮೂಗುಬಟ್ಟು.

ಗಿರಣಿ ಇಟ್ಟವನೊಬ್ಬ ಮುಂದೆ ಬಂದ. ಅವನ ತಾಯಿಯೂ ಚಿತ್ರದಲ್ಲಿದ್ದಳು.

"ಇಳಸಲೇ. ನಮ್ಮ ಮನಿ ಹೆಣ್ಮಕ್ಕಳ ಮಾರಿ ಸಂತ್ಯಾಗ ತೂಗ ಹಾಕ್ತೀ?"

"ನಿಮ್ಮವ್ವಾರ ಹಾಕಂದ್ರಿ. ಯಾವ ಕಥಿ ಆದ್ರೂ ಆದೀತು ಅಂದ್ರು."

"ಇಂಥಾದ್ದು ಅಂತ ಹೇಳಿದ್ದೇನ?"

"ಕೇಳಲಿಲ್ರಿ ಯಾರೂ."

ಗಿರಣಿಯವನು ಹಗ್ಗಕ್ಕೆ ಕೈ ಹಾಕಿದ. ಇನ್ನೂ ನಾಕು ಮಂದಿ ಗಂಡಸರು ಬಂದು ಸುತ್ತ ನಿಂತರು. ಒಬ್ಬನ ಕೈಯಲ್ಲಿ ಬಾರುಕೋಲು ಇತ್ತು. ಚಿತ್ರಗಾರ ಹಿಂದೆ ಸರಿಯಲಿಲ್ಲ. ಸರಿದಿದ್ದರೆ ಬೇಷಿತ್ತು ಅಂತ ಆಗ ಅನ್ನಿಸಿತ್ತು ನನಗೆ.

ಆಗ ಮುದುಕಿ ಬಾಯಿ ಬಿಟ್ಟಳು. "ಮಳಿ ಎಲ್ಲಿ ಐತೋ?"

"ಯಾವ ಮಳಿ, ಯವ್ವಾ?"

"ಆವತ್ತ ಮಳಿ ಇತ್ತಲ್ಲ. ನೀ ಬಿಸಲು ತಗದೀ. ಮಳಿ ಹಾಕು."

ಅವನು ತಾಯಿಯ ಮುಖ ನೋಡಿದ. ಸುಮಾರು ಹೊತ್ತು ನೋಡಿದ. ಆಮೇಲೆ ಚೀಲದಿಂದ ಗಡ್ಡ ಹೆರೆಯುವ ಬ್ಲೇಡು ತೆಗೆದು ಹಾಳೆಯ ಮುಂದೆ ನಿಂತು ಕೆರೆಯತೊಡಗಿದ. ಶಾಯಿಯ ಮೇಲೆ ಬ್ಲೇಡು ಎಳೆದರೆ ಬಿಳಿ ಗೆರೆ ಏಳುತ್ತದೆ, ನೋಡಿದವರಿಗೆ ಮಳೆಯೇ. ಒಂದು ಮನೆ, ಎರಡು ಮನೆ. ಮುದುಕಿ ಎದ್ದು ಹೋಗಿ ಬೆರಳಿನಿಂದ ಸವರಿ ನೋಡಿದಳು.

"ಇನ್ನೂ ಜೋರಿತ್ತು."

ಮತ್ತೆ ಕೆರೆದ.

"ಇನ್ನೂ."

"ಇನ್ನೂ ಕೆರದ್ರ ಮಾರಿ ಉಳಿಯೂದಿಲ್ಲ, ಯವ್ವಾ."

"ಜೋರ ಮಳಿಯಾಗ ಯಾರ ಮಾರಿ ಯಾರಿಗೆ ಕಾಣತೈತಿ? ಕೆರಿ."

ಅವನು ಕೆರೆದ. ಗೌಡಶಾನಿಯ ಗದ್ದ ಹೋಯಿತು, ನಮ್ಮತ್ತಿಯ ಮೂಗುಬಟ್ಟು ಹೋದವು, ಗಿರಣಿಯವನ ತಾಯಿ ಪೂರಾ ಹೋದಳು. ಕೆರೆದ ಪುಡಿ ಅವನ ಪಾದದ ಮೇಲೆ ಬೀಳುತ್ತಿತ್ತು. ಗಿರಣಿಯವನು ಹಗ್ಗ ಬಿಟ್ಟ. ಬಾರುಕೋಲಿನವನು ಎತ್ತಿನ ಕಡೆ ಹೋದ. ಮಂದಿ ಉಳ್ಳಾಗಡ್ಡಿ ಆರಿಸಲಿಕ್ಕೆ ಹೋಯಿತು.

ಮನೆಗೆ ಬಂದು ನಮ್ಮತ್ತಿಗೆ ನಡೆದದ್ದೆಲ್ಲ ಹೇಳಿದೆ. ಆಕೆ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು.

"ಮಳಿ?" ಅಂದಳು. "ಯಾವ ಮಳಿ? ಕಲ್ಲಿನ ಮ್ಯಾಲ ಕಾಲ ಇಡಾಕ ಬರ್ತಿದ್ದಿಲ್ಲ, ಅಂಥಾ ಬಿಸಲು."

"ನಿಮಗ ಹೆಂಗ ಗೊತ್ರಿ?"

"ನಿನ್ನ ಒಲಿ ನೋಡು, ಆರೇತಿ," ಅಂದಳು. ಒಲೆ ಆರಿರಲಿಲ್ಲ.

ಸುಗ್ಗಿಯ ಹೊತ್ತಿಗೆ ಮುದುಕಿ ತೀರಿಕೊಂಡಿದ್ದಳು. ಚಿತ್ರಗಾರ ತಲೆ ಬೋಳಿಸಿಕೊಂಡು ಬಂದ. ಹಗ್ಗ ಕಟ್ಟಲಿಲ್ಲ, ಬಂಡಿಗೆ ಒರಗಿ ಸುದ್ದಿ ಹೇಳಿದ. "ಆಗಿದ್ದು: ಏನಿಲ್ಲ. ಆಗಾಕತ್ತಿದ್ದು: ಹುಲಿ ಕಥಿ. ಆಗದ್ದು: ಅವ್ವನ ಕಥಿ."

"ಅದು ಆತಲ್ಲೋ ಮಾರಾಯಾ?" ಅಂದ ಒಬ್ಬ.

"ಅದು ಮಳಿ ಕಥಿರಿ," ಅಂದ.

ಆ ಮಾತು ನಮ್ಮತ್ತಿಯ ಕಿವಿಗೆ ಬಿತ್ತು. ಮನೆಗೆ ಕರೆಸಿದಳು. ಎಂದಿನಂತೆ ಆಕೆ ಕಟ್ಟೆಯ ಮೇಲೆ, ಅವನು ಅಂಗಳದಲ್ಲಿ. ನಾನು ಬಾಗಿಲಲ್ಲಿ.

"ಮಳಿ ಇದ್ದಿಲ್ಲ," ಅಂದಳು.

"ಗೊತ್ತೈತ್ರಿ, ಅವ್ವಾರ. ಮಳಿ ಬಂದಿದ್ರ ಆಕಿ ಬಾವಿಗೆ ಯಾಕ ಬರ್ತಿದ್ಲು? ಸೂರಿನ ನೀರು ಹಿಡೀತಿದ್ಲು."

"ಗೊತ್ತಿದ್ದೂ ಯಾಕ ಕೆರದಿ?"

"ಆಕಿಗೆ ನಾ ಜೀವಂತ ಮನಿಗೆ ಬರೂದು ಬೇಕಿತ್ರಿ. ಹೇಳಿದ್ಲು, ಕೆರದೆ."

ನಮ್ಮತ್ತಿ ಕೇಳಿದಳು. "ನನ್ನ ಎಲ್ಲಿ ನಿಲ್ಲಿಸಿದ್ದಿ?"

"ಹಿಂದ್ರಿ. ಹುಣಸೀಗಿಡದ ಹತ್ರ."

"ತಪ್ಪು. ಹಗ್ಗ ನನ್ನ ಕೈಯಾಗಿತ್ತು."

ಅವನು ತಲೆ ಎತ್ತಿದ.

"ಹೊಸಾ ಸೊಸಿ ನಾ. ನಮ್ಮತ್ತಿ ಬಾಜೂಕ ನಿಂತಿದ್ಲು. ಕೊಡ ಮ್ಯಾಲ ಬಂದಿತ್ತು. ನಿಮ್ಮವ್ವ ಅಂದ್ಲು, ಕೂಸಿನ ಬಾಯಿ ಒಣಗೇತಿ, ಒಂದ ಬೊಗಸಿ ಹಾಕ್ರಿ ಅಂತ. ನಾ ನಮ್ಮತ್ತಿ ಮಾರಿ ನೋಡಿದೆ. ಆಕಿ ಏನೂ ಅನಲಿಲ್ಲ. ಆ ಕೊಡದ ನೀರು ಕಲ್ಲಿನ ಮ್ಯಾಲ ಚೆಲ್ಲಿ ಮತ್ತ ಸೇದಿದೆ."

"ಅವ್ವ ಕೇಳಿದ್ಲಾ?" ಅಂದ ಅವನು. ಕಲ್ಲಿನ ಮೇಲೆ ಚೆಲ್ಲಿದ್ದಕ್ಕೆ ಏನೂ ಅನ್ನಲಿಲ್ಲ. ಅದನ್ನೇ ಮತ್ತೆ ಕೇಳಿದ. "ಬಾಯಿ ಬಿಟ್ಟು ಕೇಳಿದ್ಲಾ? ಸುಮ್ಮ ನಿಂತಿದ್ದೆ ಅಂತ ಹೇಳಿದ್ಲು ನನಗ. ಯಾವತ್ತೂ ಹಂಗ ಹೇಳಿದ್ಲು."

"ಕೇಳಿದ್ಲು. ಎರಡ ಸಲ."

ಅವನು ಕುಂಚ ತೆಗೆದಿದ್ದ, ತುಟಿಗೆ ತಂದಿದ್ದ. ಹಂಗೇ ಕೆಳಗಿಳಿಸಿದ. "ಇವತ್ತ ನನ್ನ ಕೈ ಆಡೂದಿಲ್ರಿ, ಅವ್ವಾರ," ಅಂತ ಎದ್ದು ಹೋದ. ನಮ್ಮತ್ತಿ ಆ ರಾತ್ರಿ ಉಣ್ಣಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಕಾರಹುಣ್ಣಿವೆಗೆ ಬಂದ. "ಆಗಿದ್ದು: ಅವ್ವನ ಕಥಿ." ಬೇರೆ ಸುದ್ದಿ ಹೇಳಲಿಲ್ಲ. ಅದೇ ಬೇವಿನ ಗಿಡ, ಹೊಸ ಹಾಳೆ. ಬಿಸಿಲೆಂದರೆ ಬಿಸಿಲು, ಒಂದು ಮುಖಕ್ಕೂ ನೆರಳಿಲ್ಲ. ಈ ಸಲ ಬಾವಿಯ ಸುತ್ತಿನವರ ಗುಳ್ಳೆಗಳೆಲ್ಲ ಖಾಲಿ. ಕೊಡದವಳ ಬಾಯಿಗೆ ಮಾತ್ರ ಮಾತಿನ ಗುಳ್ಳೆ, ಎರಡು ಮನೆಯಲ್ಲಿ ಎರಡು ಸಲ. ಹಗ್ಗ ನಮ್ಮತ್ತಿಯ ಕೈಯಲ್ಲಿ.

ನಮ್ಮತ್ತಿ ಸಂತೆಗೆ ಹೋಗದವಳು, ಅವತ್ತು ಹೊರಟಳು. ಸೆರಗು ತಲೆತುಂಬ ಹೊದ್ದು ಹಾಳೆಯ ಮುಂದೆ ಹೋಗಿ ನಿಂತಳು. ಗಿರಣಿಯವನು ಅಲ್ಲೇ ಇದ್ದ. ಆಕೆ ಹೂಂ ಅಂದರೆ ಹರಿದುಹಾಕಲು ತಯಾರಿದ್ದ.

"ಅವ್ವಾರ, ಇದು ನೀವಲ್ಲೇನ್ರಿ? ಹಗ್ಗ ಹಿಡದಾಕಿ?"

"ಹೌದು. ನಾನ."

"ಹಿಂಗ ತಗದಾನಲ್ರಿ, ಬೋಸುಡೀಮಗ!"

"ಹೆಂಗಿತ್ತು ಹಂಗ ತಗದಾನ. ನಿಮ್ಮವ್ವ ನನ್ನ ಬಾಜೂಕ ನಿಂತಾಳ, ನೋಡು. ಆಕಿನ್ನ ಕೇಳ ಹೋಗು, ಬಿಸಲಿತ್ತೋ ಮಳಿ ಇತ್ತೋ."

ಗಿರಣಿಯವನು ಹೋಗಲಿಲ್ಲ, ಹಗ್ಗವನ್ನೂ ಮುಟ್ಟಲಿಲ್ಲ. ಸಂತೆ ಎದ್ದುಹೋಗುವ ತನಕ ಹಾಳೆ ಅಲ್ಲೇ ಇತ್ತು. ಚಿತ್ರಗಾರ ನಮ್ಮತ್ತಿಗೆ ಕೈ ಮುಗಿಯಲಿಲ್ಲ, ಆಕೆ ಅವನಿಗೆ ತಪ್ಪಾಯಿತು ಅನ್ನಲಿಲ್ಲ.

ಆ ಕಥೆಯನ್ನು ಅಚ್ಚಿನ ಮನೆಯವರು ಒಲ್ಲೆ ಅಂದರು. ಅವನು ಹಾಳೆಯನ್ನೇ ಹೊತ್ತು ಹಿರೇಕೆರೂರು, ಹಂಸಭಾವಿ, ಸವಣೂರು ತಿರುಗಿದ. ಕೆಲವು ಕಡೆ ಕಲ್ಲು ಬಿದ್ದವು ಅಂತ ಕೇಳಿದೆವು. ನಮ್ಮೂರಿಗೆ ಬರುವುದನ್ನು ಬಿಡಲಿಲ್ಲ. ಆಮೇಲಾಮೇಲೆ ಆನೆಯ ಕಾಲೂ ಬಗೆಹರಿಯಿತು ಅವನಿಗೆ. ಎಂಬತ್ತರ ದಶಕ ಅರ್ಧ ಮುಗಿಯುವುದರೊಳಗೆ ಕಾಮಣಿಯಾಗಿ, ಕಣ್ಣು ಮೈ ಹಳದಿಯಾಗಿ ತೀರಿಕೊಂಡ. ನಮಗೆ ಸುದ್ದಿ ತಲುಪಿದ್ದು ಮಣ್ಣಾದ ಮೇಲೆ. ಅವನ ಹಾಳೆಗಳು ಏನಾದವೋ ಗೊತ್ತಿಲ್ಲ. ಗೆದ್ದಲು ತಿಂದಿರಬೇಕು.

ಅವನು ಹೋದ ಮೇಲೂ ನಮ್ಮತ್ತಿ ಬಹಳ ವರ್ಷ ಇದ್ದಳು. ಕಡೆಕಡೆಗೆ ಹಾಸಿಗೆ ಹಿಡಿದಳು. ಎರೆದದ್ದು, ಉಣಿಸಿದ್ದು, ಹೊಲಸು ತೆಗೆದದ್ದು ಎಲ್ಲ ನಾನೇ. ಮದುವೆಯಾಗಿ ಬಂದಾಗಿನಿಂದ ಆಕೆಯೆಂದರೆ ನನಗೆ ಬರೀ ಹೆದರಿಕೆ. ಹೆದರಿದವರ ಸೇವೆ ಮಾಡಬಹುದು, ಮೈ ಮುಟ್ಟಿ ಮಾಡುವುದು ಕಷ್ಟ. ಆ ಅಂಗಳದಲ್ಲಿ ಅವನ ಮುಂದೆ ಆಕೆ ಆಡಿದ ಮಾತು ಕೇಳದೇ ಹೋಗಿದ್ದರೆ, ಆಕೆಯೂ ಒಂದು ಕಾಲಕ್ಕೆ ನನ್ನ ಹಾಗೇ ಅತ್ತೆಯ ಮುಖ ನೋಡಿ ನಡುಗಿದ ಸೊಸೆ ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ. ಆಕೆ ಮಾಡಿದ್ದು ಕೆಟ್ಟದ್ದೇ, ಅದನ್ನು ನಾನು ಒಳ್ಳೆಯದು ಅನ್ನುವುದಿಲ್ಲ. ಆದರೆ ಆಕೆ ಸತ್ತ ದಿನ ನಾನು ಮಂದಿಗೆ ತೋರಿಸಲು ಅಳಲಿಲ್ಲ. ಖರೇನೇ ಕಣ್ಣೀರು ಬಂತು. ಅಷ್ಟು ಆ ಚಿತ್ರಗಾರನ ಋಣ, ತೀರಿಲ್ಲ.